ಚಳಿಗಾಲದಲ್ಲಿ ತೆಂಗಿನ ತೋಟ ಮತ್ತು ಹಿತ್ತಲಿನ ಕೆಲಸಗಳು. ತೋಟದ ಜೀವಿಗಳಲ್ಲಿ ಮಿತ್ರರೂ ಶತ್ರುಗಳೂ

ಹಂದನಕೆರೆ ಹೋಬಳಿಯಲ್ಲಿಯೂ, ಅದರ ನೆರೆಯ ತಿಪಟೂರು ಮತ್ತು ತುರುವೇಕೆರೆ ಸೀಮೆಗಳಲ್ಲಿಯೂ ಅನೂರಾಧ ಮಳೆಯ ಕಾಲ ಕಳೆದ ಮೇಲೆ ಬೇಸಾಯಗಾರರ ಗಮನವೆಲ್ಲವೂ ರಾಗಿಯ ಕೊಯ್ಲು, ಮೆದೆ, ಕಣ ಇವುಗಳ ಕಡೆಗೆ ತಿರುಗುವುದು ವಾಡಿಕೆ. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ತೋಟದ ಕಡೆಗೆ ಹೋಗುವವರು ಬಿದ್ದ ಕಾಯಿಗಳನ್ನು ಆಯ್ದು ತರುವುದಕ್ಕಾಗಿ ಮಾತ್ರ ಹೋಗುತ್ತಾರೆ. ಮರಗಳು ಹಸುರಾಗಿಯೇ ಇರುತ್ತವೆ. ನೆಲದಲ್ಲಿ ಇನ್ನೂ ಹದವಿರುತ್ತದೆ. ಆದಕಾರಣ ಶಿವರಾತ್ರಿಯವರೆಗೆ ತೋಟದಲ್ಲಿ ಮಾಡತಕ್ಕ ಕೆಲಸವೇನೂ ಇಲ್ಲವೆಂಬ ಅಭಿಪ್ರಾಯವು ಅನೇಕರಲ್ಲಿ ಬೇರೂರಿದೆ. ಈ ಅಭಿಪ್ರಾಯವು ಸರಿಯಾದುದಲ್ಲ. ಬೇಸಿಗೆಯಲ್ಲಿ ತೋಟಕ್ಕೆ ಒದಗುವ ಎರಡು ದೊಡ್ಡ ವಿಪತ್ತುಗಳು, ಅಂದರೆ ನೆಲ ಒಣಗುವುದೂ ಗರಿ ತಿನ್ನುವ ಹುಳುವಿನ ಹಾವಳಿಯೂ, ಚಳಿಗಾಲದಲ್ಲಿಯೇ ಮೊದಲಾಗುತ್ತವೆ. ಇವುಗಳನ್ನು ತಡೆಯುವುದಕ್ಕೆ ಕಡಮೆ ಖರ್ಚು ತಗಲುವ ಕಾಲವೂ ಇದೇ ಆಗಿದೆ.

ತೆಂಗಿನ ಮರವು ತನಗೆ ಬಿದ್ದ ಪೆಟ್ಟನ್ನು ಒಡನೆಯೇ ತೋರಿಸತಕ್ಕದ್ದಲ್ಲ. ಒಂದು ಹೊಂಬಾಳೆಯು ಸುಳಿಯ ಒಳಗೆ ಕಣ್ಣಿಗೆ ಕಾಣದ ಮೊಳಕೆಯಾಗಿ ಹುಟ್ಟಿದಂದಿನಿಂದ ಹೊರಬಂದು ಬಿರಿಯುವವರೆಗೆ ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಕಾಲ ಹಿಡಿಯುತ್ತದೆ. ಬಿರಿದ ಮೇಲೆ ಕಾಯಿ ಪೂರ್ಣವಾಗಿ ಬಲಿಯುವುದಕ್ಕೆ ಮತ್ತೆ ಸುಮಾರು 12 ತಿಂಗಳು ಬೇಕು. ಹೀಗಿರುವುದರಿಂದ ಒಂದು ವರ್ಷದ ಉದಾಸೀನತೆಯ ಫಲವನ್ನು ಯಜಮಾನನು ಎರಡು ಮೂರು ವರ್ಷಗಳಾದ ಮೇಲೆ ಅನುಭವಿಸುತ್ತಾನೆ. ಅಷ್ಟು ಹೊತ್ತಿಗೆ ಆತನಿಗೆ ಅದರ ಕಾರಣವೇ ಮರೆತುಹೋಗಿರುತ್ತದೆ. 2010ರ ದಶಕದ ಬರಗಾಲಗಳಲ್ಲಿ ಈ ಸೀಮೆಯ ಎಷ್ಟೋ ತೋಟಗಳು ಸುಳಿ ಬಾಗಿ ಒಣಗಿದುದನ್ನು ಇಲ್ಲಿಯ ಜನರು ಮರೆತಿಲ್ಲ. ಆ ವರ್ಷಗಳಲ್ಲಿ ಉಳಿದ ಮರಗಳಲ್ಲಿಯೂ ಮಳೆ ಬಂದ ವರ್ಷವೇ ಫಸಲು ಹಿಂದಕ್ಕೆ ಬರಲಿಲ್ಲವೆಂಬುದನ್ನು ಜ್ಞಾಪಕದಲ್ಲಿಡಬೇಕು.

ನೆಲದ ಹದವನ್ನು ಕಟ್ಟಿಹಾಕುವುದು

ಕಡೆಯ ಮಳೆ ಬಿದ್ದು ನೆಲ ಕಾಲಿಗೆ ಅಂಟದಷ್ಟು ಆರಿದೊಡನೆ ಸಾಲುಗಳ ನಡುವೆ ಒಂದು ಸಾರಿ ಹಗುರವಾಗಿ ಉಳತಕ್ಕದ್ದು. ಕೆಂಪು ಮಿಶ್ರ ಮರಳು ಭೂಮಿಯು ಮಳೆಯ ಹೊಡೆತಕ್ಕೆ ಸಿಕ್ಕಿ ಮೇಲೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಒಡೆಯದಿದ್ದರೆ ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಕಳೆಯೂ ಬೀಜ ಕಟ್ಟುವ ಮುಂಚೆಯೇ ನಾಶವಾಗುತ್ತದೆ. ಆಳವಾದ ಉಳುಮೆ ಮಾತ್ರ ಕೂಡದು. ತೆಂಗಿನ ಬೇರುಗಳಲ್ಲಿ ಬಹುಪಾಲು ಮೇಲಿನ ಮೂರು ನಾಲ್ಕು ಅಡಿಗಳಲ್ಲಿಯೇ ಹರಡಿರುವುದರಿಂದ, ದೊಡ್ಡ ನೇಗಿಲು ಕಟ್ಟಿದ ಯಂತ್ರಗಳನ್ನು ಮರದ ಬುಡದವರೆಗೆ ಓಡಿಸುವವರು ತಮ್ಮ ಕೈಯಿಂದಲೇ ತಮ್ಮ ತೋಟವನ್ನು ಕೊಯ್ದುಕೊಂಡಂತಾಗುತ್ತದೆ.

ಬಳಿಕ ಬುಡದಿಂದ 6 ಅಡಿ ದೂರದವರೆಗೆ ಪಾತಿಯನ್ನು ಸರಿಪಡಿಸಿ, ಅದರ ಮೇಲೆ ಒಣ ಗರಿ, ಕಾಯಿಸಿಪ್ಪೆ, ಹೊಂಗೆಯ ಸೊಪ್ಪು, ಗೊಬ್ಬರದ ಗಿಡದ ಸೊಪ್ಪು ಮೊದಲಾದ ಏನು ದೊರೆತರೆ ಅದನ್ನು ಹೊದಿಸಬೇಕು. ಕಾಯಿಸಿಪ್ಪೆಯನ್ನು ನೆಲದ ಮೇಲೆ ಹೊದಿಸುವಾಗ ಉಬ್ಬಿದ ಭಾಗ ಮೇಲಕ್ಕೆ ಬರುವಂತೆ ಕವಚಿ ಇಡತಕ್ಕದ್ದು. ಕಾಲುವೆ ತೋಡಿ ಹೂಳುವಾಗ ತಗ್ಗಾದ ಭಾಗ ಮೇಲಕ್ಕೆ ಬರುವಂತೆ ಇಡತಕ್ಕದ್ದು. ಮೊದಲನೆಯದು ನೆಲಕ್ಕೆ ನೆರಳು. ಎರಡನೆಯದು ನೀರು ಹಿಡಿಯುವ ಬಟ್ಟಲು. ಸಿಪ್ಪೆಯು ತನ್ನ ತೂಕದ ಹಲವು ಪಾಲು ನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಸಾಲುಗಳ ಮಧ್ಯೆ, ಬುಡದಿಂದ 10 ಅಡಿ ದೂರದಲ್ಲಿ, ಒಂದೂವರೆ ಅಡಿ ಅಗಲ ಆಳದ ಕಾಲುವೆಯಲ್ಲಿ ಹೂಳಿದ ಸಿಪ್ಪೆಯ ಪ್ರಯೋಜನವು ಐದರಿಂದ ಏಳು ವರ್ಷಗಳವರೆಗೆ ನಿಲ್ಲುತ್ತದೆ. ಕೊಳವೆ ಬಾವಿಯನ್ನು ಇನ್ನೂ ನೂರು ಅಡಿ ಇಳಿಸುವುದಕ್ಕೆ ಸಾಲ ಮಾಡುವವರು, ಸಿಪ್ಪೆಯನ್ನು ನಾರಿನ ಕಾರ್ಖಾನೆಯ ಲಾರಿಗೆ ಬಂದ ಬೆಲೆಗೆ ತುಂಬಿಸುವ ಮುನ್ನ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಬಿದ್ದ ಗರಿಗಳನ್ನೆಲ್ಲ ಒಟ್ಟುಮಾಡಿ ಬೆಂಕಿ ಹಚ್ಚುವ ಪದ್ಧತಿಯು ನಿಲ್ಲಬೇಕಾದುದು. ರೋಗ ಹುಳುಗಳಿಲ್ಲದ ಗರಿಯನ್ನು ಸುಡುವುದರಿಂದ ಗೊಬ್ಬರವೂ ಹೋಯಿತು, ಹೊದಿಕೆಯೂ ಹೋಯಿತು. ಬೆಂಕಿ ಬೇಲಿಗೆ ಹತ್ತಿದರೆ ಮುಂದೆ ಹೇಳಲಾಗುವ ಜೀವಿಗಳೂ ಹೋದವು. ಸುಡತಕ್ಕ ಗರಿ ಯಾವುದೆಂಬುದು ಕಡೆಯಲ್ಲಿ ಹೇಳಲ್ಪಟ್ಟಿದೆ.

ತಿಪ್ಪೆಯೂ ಕೊಂಬಿನ ದುಂಬಿಯೂ

ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಯು ಮರದ ಮೇಲೆ ಹುಟ್ಟುವುದಿಲ್ಲ. ತಿಪ್ಪೆಯಲ್ಲಿಯೂ, ಕೊಳೆಯುವ ತೆಂಗಿನ ಬೊಡ್ಡೆಗಳಲ್ಲಿಯೂ ಹುಟ್ಟುತ್ತದೆ. ಬಿಚ್ಚಿದ ಗರಿಯ ಎಲೆಗಳು ಕತ್ತರಿಯಿಂದ ಕತ್ತರಿಸಿ ಬೀಸಣಿಗೆ ಮಾಡಿದಂತೆ ಕಂಡರೆ ಅದು ಈ ದುಂಬಿಯ ಕೆಲಸವೆಂದು ತಿಳಿಯತಕ್ಕದ್ದು. ಚಳಿಗಾಲದಲ್ಲಿ ತಿಪ್ಪೆಯನ್ನು ಬುಡಮಟ್ಟ ತಿರುವಿ ಹಾಕಿದರೆ ಬೆರಳು ಗಾತ್ರದ, ಬಿಲ್ಲಿನಂತೆ ಬಾಗಿದ ಬಿಳಿಯ ಹುಳುಗಳು ಹೊರಬೀಳುತ್ತವೆ. ಕೋಳಿಗಳನ್ನು ಬಿಟ್ಟರೆ ಉಳಿದ ಕೆಲಸವನ್ನು ಅವು ಮಾಡುತ್ತವೆ. ಮೈನಾ, ಕೊಕ್ಕರೆಗಳೂ ಕರೆಯದೆಯೇ ಬರುತ್ತವೆ. ಈ ಹುಳುವಿಗೆ ರೋಗ ತರುವ ಮೆಟರೈಜಿಯಂ ಎಂಬ ಹಸುರು ಬೂಷ್ಟನ್ನು ತಿಪ್ಪೆಗೆ ಬೆರೆಸುವ ಕ್ರಮವೂ ಈಗ ಬಳಕೆಯಲ್ಲಿದೆ. ಎಳೆಯ ಮರಗಳಲ್ಲಿ ಸುಳಿಯ ಸುತ್ತಿನ ಮೂರು ಗರಿಗಳ ಕಂಕುಳಿಗೆ ಬೇವಿನ ಹಿಂಡಿಯನ್ನೂ ಮರಳನ್ನೂ ಸಮವಾಗಿ ಬೆರೆಸಿ ತುಂಬುವುದು ಹಿತಕರ.

ಇದರ ಹಿಂದೆಯೇ ಬರುವ ಕೆಂಪು ಮೂತಿ ಹುಳುವು ಇನ್ನೂ ಅಪಾಯಕರವಾದುದು. ಇದಕ್ಕೆ ದಾರಿ ಮಾಡಿಕೊಡುವವನು ಮನುಷ್ಯನೇ. ಮಾಘಮಾಸದ ಮದುವೆಗಳಿಗೂ ಜಾತ್ರೆಯ ಚಪ್ಪರಗಳಿಗೂ ಹಸುರು ಗರಿಯನ್ನು ಕಾಂಡಕ್ಕೆ ಒತ್ತಿ ಕತ್ತರಿಸಿದಾಗ ಒಸರುವ ರಸದ ವಾಸನೆಗೆ ಈ ಹುಳು ಬರುತ್ತದೆ. ಹಸುರು ಗರಿಯನ್ನು ಕಡಿಯಲೇಬೇಕಾದಲ್ಲಿ 4 ಅಡಿ ದಿಂಡನ್ನು ಮರದ ಕಡೆಗೆ ಬಿಟ್ಟು ಕಡಿಯತಕ್ಕದ್ದು. ಹತ್ತುವುದಕ್ಕೆ ಮೆಟ್ಟಿಲೆಂದು ಕಾಂಡದಲ್ಲಿ ಕಚ್ಚು ಹಾಕುವುದಂತೂ ಸರ್ವಥಾ ಕೂಡದು.

ಬೇಲಿ ಮತ್ತು ಅದರಲ್ಲಿ ವಾಸಿಸುವವರು

ಈ ಪ್ರಾಂತ್ಯದ ಹಳೆಯ ತೋಟಗಳ ಸುತ್ತಲೂ ಕಳ್ಳಿ, ಕತ್ತಾಳೆ, ಹೊಂಗೆ, ಬೇವು, ಸೀಗೆ, ಕಾಡುಬಳ್ಳಿಗಳು ಹೆಣೆದುಕೊಂಡ ದಟ್ಟವಾದ ಜೀವಂತ ಬೇಲಿಗಳಿದ್ದವು. ಕೆಲವೆಡೆ ಈಗಲೂ ಇವೆ. ತಂತಿಯ ಬೇಲಿ ಬಂದಂದಿನಿಂದ ಇವುಗಳನ್ನು ಚಳಿಗಾಲದ ಬಿಡುವಿನಲ್ಲಿ ಕಡಿದು ಸುಡುವುದು ಹೆಚ್ಚಾಗಿದೆ. ಒಂದು ಮೊಳ ಭೂಮಿ ಉಳಿಯಿತೆಂದು ಇದನ್ನು ಮಾಡುವವರು ತಮ್ಮ ರಾತ್ರಿಯ ಕಾವಲುಗಾರರನ್ನು ಹೊರಗಟ್ಟುತ್ತಿದ್ದಾರೆಂಬುದನ್ನು ಅರಿಯರು.

ಅವರಲ್ಲಿ ಒಬ್ಬನು ಕಾಡುಪಾಪ. ತುಮಕೂರು ಜಿಲ್ಲೆಯಲ್ಲಿ ಈ ಪ್ರಾಣಿಯು ಕಾಡಿಗಿಂತಲೂ ಹೆಚ್ಚಾಗಿ ಊರ ಸಮೀಪದ ಬೇಲಿಗಳಲ್ಲಿಯೂ ತೋಪುಗಳಲ್ಲಿಯೂ ಉಳಿದುಕೊಂಡಿದೆ. ತುಮಕೂರು ತಾಲ್ಲೂಕಿನ ನಾಗವಲ್ಲಿಯು ಇದಕ್ಕೆ ಹೆಸರಾದ ಗ್ರಾಮ. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಮೈ, ಕಡ್ಡಿಯಂತಹ ಕೈಕಾಲು, ಬಾಲವಿಲ್ಲ, ಮುಖದ ತುಂಬ ಎರಡು ದುಂಡು ಕಣ್ಣು. ಹಗಲೆಲ್ಲ ಮುಳ್ಳು ಪೊದೆಯಲ್ಲಿ ಚೆಂಡಿನಂತೆ ಮುದುಡಿ ಮಲಗಿದ್ದು ರಾತ್ರಿ ಹೊರಟು ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ನಡೆಯುತ್ತಾ ದುಂಬಿ, ಪತಂಗ, ಮಿಡತೆ, ಇರುವೆಗಳನ್ನು ಹಿಡಿದು ತಿನ್ನುತ್ತದೆ. ಇದು ಜಿಗಿಯಲಾರದ ಪ್ರಾಣಿ. ಬೇಲಿ ನಡುವೆ ಹತ್ತು ಮಾರು ತೆರವಾದರೂ ಇದು ನೆಲಕ್ಕಿಳಿಯಬೇಕಾಗುತ್ತದೆ; ಇಳಿದರೆ ನಾಯಿಯ ಬಾಯಿಗೆ, ಇಲ್ಲವೇ ರಸ್ತೆಯ ಗಾಲಿಗೆ. ಇದನ್ನು ಕಂಡರೆ ಕೇಡೆಂಬ ನಂಬಿಕೆಯೂ, ಮಾಟಮಂತ್ರಕ್ಕೆ ಇದರ ಕಣ್ಣು ಬೇಕೆಂಬ ಕ್ರೂರವಾದ ಮೂಢತನವೂ ಇದರ ಪ್ರಾಣಕ್ಕೆ ಸಂಚಕಾರ ತಂದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇದು ಸೇರಿರುವುದರಿಂದ, ಇದನ್ನು ಹಿಡಿಯುವುದೂ ಕೊಲ್ಲುವುದೂ ಶಿಕ್ಷಾರ್ಹ ಅಪರಾಧವೆಂಬುದನ್ನು ಊರ ಹಿರಿಯರು ಎಲ್ಲರಿಗೂ ತಿಳಿಯಪಡಿಸತಕ್ಕದ್ದು. ಬೇಲಿಯನ್ನು ಸವರಬೇಕಾದರೆ ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಇನ್ನೊಂದು ಮಗ್ಗುಲು ಸವರಿ, ಮೇಲಿನ ಕೊಂಬೆಗಳ ಕೊಂಡಿ ಕಡಿಯದಂತೆ ನೋಡಿಕೊಂಡರೆ ಭೂಮಿಗೂ ನಷ್ಟವಿಲ್ಲ.

ಚಳಿಗಾಲದಲ್ಲಿ ತೋಟಕ್ಕೆ ದೂರದ ಅತಿಥಿಗಳೂ ಬರುತ್ತಾರೆ. ಉತ್ತ ನೆಲದ ಮೇಲೆ ಬಾಲವನ್ನು ಮೇಲೆ ಕೆಳಗೆ ಅಲ್ಲಾಡಿಸುತ್ತಾ ಓಡಾಡುವ ಸಿಪಿಲೆಯೂ, ಮರದ ಎಲೆಗಳ ನಡುವೆ ಸಣ್ಣ ದನಿಯಲ್ಲಿ ಕೂಗುತ್ತಾ ಒಂದು ಕ್ಷಣವೂ ನಿಲ್ಲದ ಹಸುರು ಉಲಿಯಕ್ಕಿಯೂ ಹಿಮಾಲಯದಿಂದಲೂ ಅದರಾಚೆಯ ಸೀಮೆಗಳಿಂದಲೂ ಬಂದು, ಬೇಸಿಗೆಯ ಆರಂಭದಲ್ಲಿ ಹಿಂತಿರುಗುತ್ತವೆ. ಇವೆರಡೂ ಕೀಟಗಳನ್ನೇ ತಿಂದು ಬದುಕುವುವು. ಇವುಗಳಿಂದ ರೈತನಿಗೆ ಕಾಳಿನಷ್ಟೂ ನಷ್ಟವಿಲ್ಲ. ಗುಂಪುಗುಂಪಾಗಿ ಬರುವ ಗುಲಾಬಿ ಕಬ್ಬಕ್ಕಿಗಳ ವಿಷಯ ಬೇರೆ. ಜೋಳದ ಹೊಲಕ್ಕೆ ಇಳಿದಾಗ ಇವು ಕಳ್ಳರು, ಮಿಡತೆಗಳ ಮೇಲೆ ಬಿದ್ದಾಗ ನೆಂಟರು. ಇಲ್ಲಿಯೇ ಇರುವ ಕಾಜಾಣ, ಚಂದ್ರಮುಕುಟ, ಕೆಂಬೂತಗಳು ವರ್ಷವಿಡೀ ಕೆಲಸ ಮಾಡುವ ಆಳುಗಳು. ಕಾಜಾಣ ಕೂರುವುದಕ್ಕೆ ಅವರೆ ಹೊಲದಲ್ಲಿ ಅಲ್ಲಲ್ಲಿ ಕವಲುಕೋಲು ನೆಟ್ಟರೆ ಸಾಕು, ಕೂಲಿ ಕೇಳುವುದಿಲ್ಲ.

ಅಟ್ಟದ ಕಾಯಿ, ಇಲಿ ಮತ್ತು ಗೂಬೆ

ತಿಪಟೂರು ಪೇಟೆಗೆ ಕೀರ್ತಿ ತಂದಿರುವ ಉಂಡೆ ಕೊಬ್ಬರಿಯು ಮರದ ಮೇಲೆ ಒಂದು ವರ್ಷ, ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಕಳೆದು ಆಗುವ ಪದಾರ್ಥ. ಒಳಗಿನ ನೀರು ಬತ್ತಿ, ಕೊಬ್ಬರಿಯು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಶಬ್ದ ಮಾಡುವವರೆಗೆ ಅದನ್ನು ಕಾಯಬೇಕು. ಇಷ್ಟು ದೀರ್ಘಕಾಲ ಒಂದೇ ಕಡೆ ರಾಶಿ ಬಿದ್ದಿರುವ ಕಾಯಿಯು ಇಲಿಗೆ ಛತ್ರವಿದ್ದಂತೆ. ಹೊಲ ಬರಿದಾದ ಮೇಲೆ ಇಲಿಗಳು ರಾಗಿಯ ಮೆದೆಗೂ, ಮೆದೆ ಬಿಚ್ಚಿದ ಮೇಲೆ ಅಟ್ಟಕ್ಕೂ ಬರುವುದರಿಂದ ಚಳಿಗಾಲವೇ ಎಚ್ಚರದ ಕಾಲ. ಅಟ್ಟದ ಸಂದುಗಳನ್ನು ಮುಚ್ಚತಕ್ಕದ್ದು. ಸೂರಿಗೆ ತಗಲಿದ ಕೊಂಬೆಗಳನ್ನು ಸವರತಕ್ಕದ್ದು. ರಾಶಿಯನ್ನು ಗೋಡೆಗೆ ಒತ್ತಿ ಹಾಕದೆ ಸುತ್ತಲೂ ಕೈಯಾಡುವಷ್ಟು ಜಾಗ ಬಿಡತಕ್ಕದ್ದು. ತೋಟದಲ್ಲಿ ಎಳೆಗಾಯಿಗಳು ತೊಟ್ಟಿನ ಬಳಿ ತೂತಾಗಿ ಉದುರುತ್ತಿದ್ದರೆ ಕಾಂಡಕ್ಕೆ 6 ಅಡಿ ಎತ್ತರದಲ್ಲಿ 16 ಅಂಗುಲ ಅಗಲದ ತಗಡಿನ ಪಟ್ಟಿಯನ್ನು ಸುತ್ತಬೇಕು. ಗರಿಗೆ ಗರಿ ತಾಗುವ ಒತ್ತು ತೋಟಗಳಲ್ಲಿ ಇದರಿಂದ ಪ್ರಯೋಜನ ಸ್ವಲ್ಪ. ಇಲಿಯು ಪಕ್ಕದ ಮರದಿಂದ ದಾಟಿ ಬರುತ್ತದೆ.

ಇಲಿಯ ನಿಜವಾದ ವೈರಿಗಳು ಕಣಜ ಗೂಬೆ ಮತ್ತು ಕೇರೆ ಹಾವು. ಬಿಳಿ ಮುಖದ ಈ ಗೂಬೆಯು ಪಾಳು ಗುಡಿಗಳಲ್ಲಿಯೂ ಹಳೆಯ ಮನೆಗಳ ಮಾಡಿನಲ್ಲಿಯೂ ವಾಸಿಸಿ, ಬಹುಮಟ್ಟಿಗೆ ಇಲಿ ಸುಂಡಗಳನ್ನೇ ತಿಂದು ಬದುಕುತ್ತದೆ. ಇದು ಮನೆಯ ಮೇಲೆ ಕೂತರೆ ಅಪಶಕುನವೆಂದು ಕಲ್ಲೆಸೆದು ಓಡಿಸುವ ಯಜಮಾನನು, ಅಟ್ಟದಿಂದ ಇಳಿಸಿದ ಕಾಯಿಯಲ್ಲಿ ತೂತುಬಿದ್ದವೆಷ್ಟೆಂದು ಎಣಿಸಿ ನೋಡಿದರೆ, ಶಕುನ ಯಾವುದು ಅಪಶಕುನ ಯಾವುದೆಂಬುದು ಆತನಿಗೇ ಗೊತ್ತಾದೀತು. ವಿಷ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯುವುದುಂಟು. ಆದುದರಿಂದ ವಿಷವನ್ನು ಕಡೆಯ ಉಪಾಯವಾಗಿ ಮಾತ್ರ ಬಳಸಿ, ಸತ್ತ ಇಲಿಗಳನ್ನು ಬಯಲಿಗೆ ಎಸೆಯದೆ ಹೂಳಬೇಕು.

ಹಾವುಗಳ ವಿಷಯದಲ್ಲಿ ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಗರಿಯ ರಾಶಿ, ಸಿಪ್ಪೆಯ ಗುಡ್ಡೆ, ರಾಗಿಹುಲ್ಲಿನ ಬಣವೆ ಇವುಗಳಲ್ಲಿ ಇಲಿ ಇದ್ದಲ್ಲಿ ಕೊಳಕುಮಂಡಲವೂ ಬರುತ್ತದೆ. ಇದು ಒಣ ಗರಿಯ ಬಣ್ಣವನ್ನೇ ಹೊತ್ತು ಅಲುಗಾಡದೆ ಬಿದ್ದಿರುವ ಹಾವು. ಚಳಿಯ ಬೆಳಗಿನಲ್ಲಿ ಜಡವಾಗಿರುವುದರಿಂದ ಕಾಲು ಹತ್ತಿರ ಬಂದರೂ ಸರಿಯುವುದಿಲ್ಲ. ಸಿಪ್ಪೆಯನ್ನು ಬರಿಗೈಯಿಂದ ಎತ್ತಕೂಡದು. ಮೊದಲು ಕೋಲಿನಿಂದ ಮಗುಚಿ ನೋಡತಕ್ಕದ್ದು. ರಾಶಿಗಳು ಮನೆಯ ಬಾಗಿಲಿನಿಂದಲೂ ಮಕ್ಕಳು ಆಡುವ ಜಾಗದಿಂದಲೂ ದೂರವಿರಲಿ. ಕಚ್ಚಿದ ಪಕ್ಷದಲ್ಲಿ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದಿಗಾಗಿ ಕಾಯುವುದು ಇವೆಲ್ಲ ಪ್ರಾಣಕ್ಕೆ ಎರವು. ಕಚ್ಚಿಸಿಕೊಂಡವರನ್ನು ನಡೆಸದೆ, ಧೈರ್ಯ ಹೇಳಿ, ಕಚ್ಚಿದ ಅಂಗವನ್ನು ಅಲ್ಲಾಡದಂತೆ ಇರಿಸಿ, ಪ್ರತಿವಿಷದ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಕೂಡಲೇ ಒಯ್ಯತಕ್ಕದ್ದು.

ಹಿತ್ತಲು

ಮನೆಯ ಹಿಂದಿನ ಕೈತೋಟದಲ್ಲಿ ಈ ಕಾಲದ ಕೆಲಸ ಬಹಳವಿಲ್ಲ. ಮೆಂತ್ಯ, ಕೊತ್ತಂಬರಿ, ಮೂಲಂಗಿ, ದಂಟು ಮೊದಲಾದುವುಗಳನ್ನು ಒಂದೇ ಸಾರಿ ಬಿತ್ತದೆ ಹದಿನೈದು ದಿನಗಳಿಗೊಮ್ಮೆ ಒಂದೊಂದು ಮಡಿಯಂತೆ ಬಿತ್ತಿದರೆ ಶಿವರಾತ್ರಿಯವರೆಗೆ ಸೊಪ್ಪಿಗೆ ಕೊರತೆಯಿಲ್ಲ. ಬಚ್ಚಲ ನೀರನ್ನು ಬಾಳೆ, ಕರಿಬೇವು, ನಿಂಬೆಗಳಿಗೆ ಸರದಿಯಂತೆ ತಿರುಗಿಸಬೇಕು. ಇಬ್ಬನಿ ಬೀಳುವ ದಿನಗಳಲ್ಲಿ ಅವರೆಯ ಕುಡಿಗೆ ಕಪ್ಪು ಹೇನು ಮುತ್ತುತ್ತದೆ. ಹೆದರಿ ಔಷಧಿ ಸಿಂಪಡಿಸುವ ಮುನ್ನ ಆ ಕುಡಿಯಲ್ಲಿ ಕೆಂಪು ಮೈಗೆ ಕರಿಚುಕ್ಕೆಯ ಗುಲಗಂಜಿ ಹುಳು ಇದೆಯೇ ಎಂದು ನೋಡಬೇಕು. ಅದೂ ಅದರ ಮರಿಗಳೂ ಹೇನನ್ನೇ ತಿನ್ನುತ್ತವೆ. ಇದ್ದರೆ ಒಂದು ವಾರ ತಾಳಬಹುದು. ಸೊಗಡಿನ ಅವರೆಕಾಯಿಗೆ ವಿಷ ಹೊಡೆದು ಮರುದಿನವೇ ಕಿತ್ತು ಸಾರು ಮಾಡುವುದು ಯಾವ ವಿವೇಕವೋ ತಿಳಿಯದು. ನುಗ್ಗೆಯ ಕಾಂಡಕ್ಕೆ ಹಗಲು ಹೊತ್ತು ಗುಂಪಾಗಿ ಅಂಟಿಕೊಂಡಿರುವ ಕಂಬಳಿಹುಳುಗಳನ್ನು, ಕೈ ತಗಲದಂತೆ, ಪಂಜಿನಿಂದ ಸವರಿ ಮುಗಿಸತಕ್ಕದ್ದು.

ಕಪ್ಪುತಲೆ ಹುಳು: ಊರೆಲ್ಲ ಸೇರಿ ಮಾಡತಕ್ಕ ಕೆಲಸ

ಮೇಲೆ ಹೇಳಿದ ಕೆಲಸಗಳನ್ನು ಪ್ರತಿಯೊಬ್ಬ ಹಿಡುವಳಿದಾರನೂ ತನ್ನ ತನ್ನ ತೋಟದಲ್ಲಿ ಮಾಡಿಕೊಳ್ಳಬಹುದು. ಇದು ಹಾಗಲ್ಲ.

ಕಪ್ಪುತಲೆ ಹುಳುವು ಬೂದು ಬಣ್ಣದ ಸಣ್ಣ ಪತಂಗವೊಂದರ ಮರಿ. ಗರಿಯ ಅಡಿ ಮಗ್ಗುಲಿನಲ್ಲಿ ತನ್ನ ಹಿಕ್ಕೆಯನ್ನೂ ನೂಲನ್ನೂ ಸೇರಿಸಿ ಕೊಳವೆಯಂತಹ ಗೂಡು ಕಟ್ಟಿ, ಅದರೊಳಗೆ ಅಡಗಿ ಹಸುರನ್ನು ಕೆರೆದು ತಿನ್ನುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಎರಡು ತಿಂಗಳು. ಹೀಗೆ ಚಳಿಗಾಲದಲ್ಲಿ ಬೆರಳೆಣಿಕೆಯಷ್ಟಿದ್ದ ಹುಳು ಬಿಸಿಲು ಏರಿದಂತೆ ತಲೆಮಾರಿನ ಮೇಲೆ ತಲೆಮಾರು ಬೆಳೆದು, ಬೇಸಿಗೆಯಲ್ಲಿ ತೋಟಕ್ಕೆ ತೋಟವೇ ಬೆಂಕಿ ತಗಲಿ ಕರಕಾದಂತೆ ಕಾಣುವಂತೆ ಮಾಡುತ್ತದೆ. ಮರ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಹಸುರು ಕಳೆದುಕೊಂಡ ಮರವು ಹೊಂಬಾಳೆಗೆ ಉಣಿಸಲಾರದು. ಹರಳು ಉದುರಿ, ಕಾಯಿ ಸಣ್ಣದಾಗಿ, ಫಸಲು ಮೊದಲಿನ ಮಟ್ಟಕ್ಕೆ ಬರುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ತೆಂಗೊಂದನ್ನೇ ನಂಬಿದ ಮನೆಗಳಿಗೆ ಈ ವರ್ಷಗಳು ಹೇಗೆ ಕಳೆಯುತ್ತವೆಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ.

ಹುಳುವು ಮೊದಲು ಹಿಡಿಯುವುದು ಕೆಳಗಿನ, ವಯಸ್ಸಾದ ಗರಿಗಳನ್ನು. ಸಂಕ್ರಾಂತಿಯ ಹಿಂದು ಮುಂದಿನ ಎರಡು ವಾರಗಳಲ್ಲಿ ತೋಟದ ನಾಲ್ಕು ಮೂಲೆಗಳಲ್ಲಿಯೂ ನಡುವೆಯೂ ಕೆಲವು ಮರಗಳ ಕೆಳಗರಿಗಳನ್ನು ತಲೆಯೆತ್ತಿ ನೋಡಬೇಕು. ಎಲೆಯಲ್ಲಿ ಒಣಗಿದ ಬೂದುಗಂದು ಪಟ್ಟಿಗಳಿದ್ದರೆ ಗರಿಯೊಂದನ್ನು ಇಳಿಸಿ ಅಡಿಮಗ್ಗುಲನ್ನು ಪರೀಕ್ಷಿಸತಕ್ಕದ್ದು. ಗೂಡಿನಲ್ಲಿ ಕಪ್ಪುತಲೆಯ ಹಸುರುಗಂದು ಹುಳು ಕಂಡರೆ, ತೀರ ಕೆಟ್ಟಿರುವ ಕೆಳಗಿನ ಎರಡು ಮೂರು ಗರಿಗಳನ್ನು ಮಾತ್ರ ಕಡಿದು ಅಲ್ಲಿಯೇ ಸುಡತಕ್ಕದ್ದು. ಸುಡಬೇಕಾದ ಗರಿ ಇದು. ಇದನ್ನು ಚಪ್ಪರಕ್ಕಾಗಲಿ ಗುಡಿಸಲಿಗಾಗಲಿ ಬೇರೆ ಊರಿಗೆ ಸಾಗಿಸುವುದೆಂದರೆ ಹುಳುವನ್ನು ಬಂಡಿಯ ಮೇಲೆ ಕೂರಿಸಿ ಕಳುಹಿಸಿದಂತೆ.

ಇದರ ಮೇಲೆ ಬಿಡುವುದಕ್ಕೆ ಗೋನಿಯೋಜಸ್ ಎಂಬ ಪರೋಪಜೀವಿ ಇದೆ. ನೋಡುವುದಕ್ಕೆ ರೆಕ್ಕೆ ಬಂದ ಕರಿ ಇರುವೆಯಂತಿರುವ ಈ ಸಣ್ಣ ಕಣಜದ ಹೆಣ್ಣು, ಗೂಡಿನೊಳಗೆ ನುಗ್ಗಿ ಹುಳುವನ್ನು ಚುಚ್ಚಿ ನಿಶ್ಚೇಷ್ಟಿತಗೊಳಿಸಿ ಅದರ ಮೈಮೇಲೆ ಮೊಟ್ಟೆಯಿಟ್ಟು, ಮರಿಗಳು ಆ ಹುಳುವನ್ನು ತಿಂದು ಬೆಳೆಯುವವರೆಗೆ ಪಕ್ಕದಲ್ಲಿಯೇ ಕಾವಲಿರುತ್ತದೆ. ಮರಕ್ಕೆ ಸುಮಾರು 20ರಂತೆ, ಹದಿನೈದು ದಿನಗಳ ಅಂತರದಲ್ಲಿ ಕೆಲವು ಸಾರಿ ಬಿಡುವುದು ಕ್ರಮ. ಬಿಡುವ ಮುಂಚೆಯೂ ಅನಂತರವೂ ಕೀಟನಾಶಕವನ್ನು ಸಿಂಪಡಿಸಿದರೆ ಮೊದಲು ಸಾಯುವುದು ಈ ಕಣಜವೇ. 2016ರಲ್ಲಿ ದಕ್ಷಿಣ ಭಾರತಕ್ಕೆ ಕಾಲಿಟ್ಟ ಸುರುಳಿ ಬಿಳಿನೊಣದ ವಿಷಯದಲ್ಲಿಯೂ ಇದೇ ಅನುಭವವಾಗಿದೆ. ಗರಿಯ ಅಡಿಯಲ್ಲಿ ಬಿಳಿಯ ಮೇಣದ ಸುರುಳಿ, ಕೆಳಗಿನ ಎಲೆಗಳ ಮೇಲೆ ಕಪ್ಪು ಮಸಿ ಕಂಡು ಗಾಬರಿಯಿಂದ ವಿಷ ಹೊಡೆದ ಕಡೆ, ಆ ನೊಣವನ್ನು ಸಹಜವಾಗಿ ತಡೆಯುವ ಎನ್ಕಾರ್ಸಿಯ ಎಂಬ ಸೂಕ್ಷ್ಮ ಕಣಜವೂ ನಾಶವಾಗುತ್ತದೆ.

ಗ್ರಾಮದ ಮುಖಂಡರ ಸಹಾಯ ಅವಶ್ಯವಾಗುವುದು ಇಲ್ಲಿಯೇ. ಪತಂಗಕ್ಕೆ ಬದುವೂ ಇಲ್ಲ, ಪಹಣಿಯೂ ಇಲ್ಲ. ಒಬ್ಬನು ಕಣಜ ಬಿಟ್ಟು ಪಕ್ಕದವನು ಸುಮ್ಮನಿದ್ದರೆ, ಇಲ್ಲವೇ ಪಕ್ಕದವನು ವಿಷ ಹೊಡೆದರೆ, ಇಬ್ಬರ ಹಣವೂ ನೀರಿನಲ್ಲಿ ಹೋಮ. ಊರಿನಲ್ಲಿ ವಾಸವಿಲ್ಲದೆ ಬೆಂಗಳೂರಿನಲ್ಲಿರುವ ಯಜಮಾನರ ತೋಟಗಳೂ, ದಾಯಾದಿ ವ್ಯಾಜ್ಯದಲ್ಲಿ ಸಿಕ್ಕಿ ಯಾರೂ ಕಾಲಿಡದ ತೋಟಗಳೂ ಪ್ರತಿ ಗ್ರಾಮದಲ್ಲಿಯೂ ಒಂದೆರಡು ಇದ್ದೇ ಇರುತ್ತವೆ; ಹುಳು ಅಡಗಿ ಉಳಿಯುವುದು ಬಹುಮಟ್ಟಿಗೆ ಅವುಗಳಲ್ಲಿಯೇ. ಮುಖಂಡರು ಈ ತೋಟಗಳನ್ನೂ ಸೇರಿಸಿ ಗ್ರಾಮದ ಮರಗಳ ಎಣಿಕೆಯನ್ನು ಪುಷ್ಯಮಾಸದಲ್ಲಿಯೇ ಮಾಡಿಸಿ, ಹುಳು ಕಂಡ ಸರ್ವೆ ನಂಬರುಗಳ ಪಟ್ಟಿಯೊಡನೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಡತಕ್ಕದ್ದು. ತಿಪಟೂರು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ, ಅರಸೀಕೆರೆಯ ತೆಂಗಿನ ಸಂಶೋಧನಾ ಕೇಂದ್ರದಲ್ಲಿಯೂ ಸಲಹೆ ಕೇಳಬಹುದು. ಕಣಜಗಳನ್ನು ಸಾಕಿ ಬೆಳೆಸುವುದಕ್ಕೆ ಕಾಲ ಹಿಡಿಯುವುದರಿಂದ, ಗರಿ ಕೆಂಪಾದ ಮೇಲೆ ಎಲ್ಲ ಊರುಗಳವರೂ ಒಮ್ಮೆಗೇ ಕೇಳಿದರೆ ಒದಗಿಸುವುದು ಕಷ್ಟ.

ಕಣಜವಿರುವ ಕೊಳವೆಗಳು ಬಂದ ದಿನವೇ ಸಂಜೆಯ ತಂಪಿನಲ್ಲಿ ಬಿಡತಕ್ಕದ್ದು. ಬಿಸಿಲಿನಲ್ಲಿ ಇಡಕೂಡದು, ಬಂಡಿಯ ಪೆಟ್ಟಿಗೆಯಲ್ಲಿ ಮರೆಯಕೂಡದು. ಮರ ಹತ್ತಿ ತಲೆಯ ಮೇಲೆ ಬಿಡುವುದಕ್ಕಿಂತ ಕಾಂಡದ ಮೇಲೆಯೇ ಕೊಳವೆಯ ಬಾಯಿ ತೆರೆದು ಬಿಡುವುದು ಲೇಸು. ತಲೆಯಲ್ಲಿ ಜೇಡಗಳು ಹೆಚ್ಚಾಗಿರುವುದರಿಂದ ಅಲ್ಲಿ ಬಿಟ್ಟ ಕಣಜಗಳಲ್ಲಿ ಕೆಲವು ಅವುಗಳಿಗೆ ಆಹಾರವಾಗುತ್ತವೆ. ಕಾಂಡದ ಮೇಲೆ ಬಿಟ್ಟವು ತಾವಾಗಿಯೇ ಮೇಲಕ್ಕೆ ಹೋಗಿ ಹುಳುವಿನ ಗೂಡನ್ನು ಹುಡುಕಿಕೊಳ್ಳುತ್ತವೆ.